'ಕ್ಯಾಂಪು'ಗಳು ಹುಟ್ಟಿದ್ದು ಹೀಗೆ

ಗಂಗಾವತಿಯಿಂದ ಸಿಂಧನೂರಿಗೆ ಬಸ್ಸಿನಲ್ಲಿ ಹೋಗುವಾಗ ಊರಿನ ಫಲಕಗಳನ್ನು ಗಮನಿಸಿ. ಎಷ್ಟೋ ಹೆಸರುಗಳಿಗೆ 'ಕ್ಯಾಂಪ್' ಎಂಬ ಬಾಲವಿದೆ. ಇವು ದಂಡಿನವರ ಬಿಡಾರಗಳಲ್ಲ, ಕೃಷಿಕರೇ ಕಟ್ಟಿದ ಊರುಗಳು.

ಕೃಷ್ಣಾ-ತುಂಗಭದ್ರೆಯರ ನಡುವಿನ ಈ ಸೀಮೆಗೆ ಎಡೆದೊರೆ ಎಂಬುದು ಹಳೇ ಹೆಸರು. ಬಹುಪಾಲು ಎರೆ ಭೂಮಿ. ವರ್ಷದ ಮಳೆ ಸುಮಾರು 600 ಮಿ.ಮೀ. ಹಿಂದೆ ಬಿಳಿಜೋಳ, ಹತ್ತಿಯೇ ಮುಖ್ಯ ಬೆಳೆ. ಹಳೇ ಹಳ್ಳಿಗಳು ಹಳ್ಳ, ಬಾವಿ ನೋಡಿಕೊಂಡು ಕೂತವು. ಕ್ಯಾಂಪುಗಳು ಕೂತದ್ದು ಕಾಲುವೆ ನೋಡಿಕೊಂಡು.

1945ರಲ್ಲಿ ಶುರುವಾದ ತುಂಗಭದ್ರಾ ಅಣೆಕಟ್ಟೆಯಿಂದ 1953ರಲ್ಲಿ ನೀರು ಬಿಟ್ಟರು. ಎಡದಂಡೆ ಕಾಲುವೆಯ ಉದ್ದ 227 ಕಿ.ಮೀ. ನೀರು ಬಂತು ಅಂದಕೂಡಲೇ ಬೆಳೆ ಬರಲಿಲ್ಲ. ಎರೆ ಹೊಲವನ್ನು ಮಟ್ಟ ಮಾಡಬೇಕು, ಬದು ಹಾಕಬೇಕು, ಭತ್ತದ ಕೆಲಸ ಗೊತ್ತಿರಬೇಕು. ಇಲ್ಲಿನ ಅನೇಕ ರೈತರ ಹತ್ತಿರ ದುಡ್ಡೂ ಇಲ್ಲ, ಆ ಅನುಭವವೂ ಇಲ್ಲ. ಆಂಧ್ರದ ಕೃಷ್ಣಾ, ಗೋದಾವರಿ ಬಯಲಿನವರಿಗೆ ಎರಡೂ ಇತ್ತು. ಅಲ್ಲಿ ಒಂದೆಕರೆ ಮಾರಿದ ದುಡ್ಡಿಗೆ ಇಲ್ಲಿ ಹಲವು ಎಕರೆ ಸಿಗುತ್ತಿತ್ತು. ಬಂದವರು ಹೊಲದಲ್ಲೇ ಗುಡಿಸಲು ಹಾಕಿ ದುಡಿದರು. ಗುಡಿಸಲು ಮನೆಯಾಯಿತು, ಬಿಡಾರ ಊರಾಯಿತು. ಸಿಂಧನೂರು ತಾಲೂಕಿನ ಆರ್.ಎಚ್. ಕ್ಯಾಂಪುಗಳ ಕತೆ ಮಾತ್ರ ಬೇರೆ. ಅವು ಪೂರ್ವ ಬಂಗಾಳದ ನಿರಾಶ್ರಿತರಿಗೆ ಸರಕಾರವೇ ಮಾಡಿಕೊಟ್ಟ ನೆಲೆಗಳು.

ಬಂದವರಿಂದ ಸ್ಥಳೀಯರೂ ಭತ್ತ ಕಲಿತರು. ತೊಡಕು ಶುರುವಾದದ್ದೇ ಅಲ್ಲಿ. ಈ ಕಾಲುವೆಯನ್ನು ಯೋಜಿಸಿದ್ದು ಹೆಚ್ಚಾಗಿ ಜೋಳ, ಶೇಂಗಾ, ಹತ್ತಿಯಂಥ ಮಿತ ನೀರಿನ ಬೆಳೆಗೆ, ಹೆಚ್ಚು ಹೊಲಕ್ಕೆ ಸ್ವಲ್ಪಸ್ವಲ್ಪ ನೀರು ಎಂಬ ಲೆಕ್ಕದಲ್ಲಿ. ಮೇಲಿನವರು ಗದ್ದೆ ಮಾಡಿದ ಮೇಲೆ ಕೊನೆಯ ಮಾನ್ವಿ, ರಾಯಚೂರು ಕಡೆಗೆ ನೀರಿನ ಕೊರತೆ ಬಂತು. ಮೇಲೆ ನೀರು ನಿಂತ ಎಷ್ಟೋ ಹೊಲ ಸವುಳು-ಜವುಳಾಯಿತು. ಒಂದೆಡೆ ನೀರು ಹೆಚ್ಚಾಗಿ ಕೆಟ್ಟಿತು, ಇನ್ನೊಂದೆಡೆ ಸಾಲದೆ ಕೆಟ್ಟಿತು. ಸಾಲದ್ದಕ್ಕೆ ಹೂಳು ಬೇರೆ. ಮೊದಲು ಸುಮಾರು 133 ಟಿ.ಎಂ.ಸಿ. ಹಿಡಿಯುತ್ತಿದ್ದ ಜಲಾಶಯದಲ್ಲಿ 2016ರ ಅಳತೆಯಂತೆ ಉಳಿದದ್ದು ಸುಮಾರು 105.

ಇದರಲ್ಲಿ ಬಂದವರ ತಪ್ಪು, ಇದ್ದವರ ತಪ್ಪು ಅಂತ ಹುಡುಕಿ ಫಲವಿಲ್ಲ. ತಿಳಿಯಬೇಕಾದ್ದು ಎರಡು. ನಿಮ್ಮೂರಿಗೂ ನಾಳೆ ಕಾಲುವೆ ಬರುತ್ತದೆಂದರೆ ಹೊಲ ಮಾರುವ ಮೊದಲು, ನೀರು ಹರಿದ ಮೇಲೆ ಅದಕ್ಕೆ ಏನು ಬೆಲೆ ಅಂತ ವಿಚಾರಿಸಿ. ನಿಮ್ಮ ಹೊಲ ಕಾಲುವೆಯ ತಲೆಯಲ್ಲಿದೆಯೋ ಬಾಲದಲ್ಲಿದೆಯೋ, ಅದನ್ನೂ ನೋಡಿಕೊಳ್ಳಿ. ತಲೆಯಲ್ಲಿದ್ದರೆ, ಬಾಲದಲ್ಲೂ ಒಬ್ಬ ರೈತನಿದ್ದಾನೆ ಎಂಬುದು ನೆನಪಿರಲಿ.