ಮನಸ್ಸು ಮತ್ತು ಅದರ ವೃತ್ತಿಗಳು

ಕಿವಿ ತೆರೆದೇ ಇರುತ್ತದೆ, ಗುರುಗಳ ಮಾತು ಅದರ ಮೇಲೆ ಬೀಳುತ್ತಲೂ ಇರುತ್ತದೆ. ಆದರೂ ವಿದ್ಯಾರ್ಥಿಗೆ ಪಾಠ ಕೇಳಿಸುವುದಿಲ್ಲ. ಇಂತಹ ಅನುಭವವನ್ನೇ ನ್ಯಾಯದರ್ಶನವು ಮನಸ್ಸಿನ ಅಸ್ತಿತ್ವಕ್ಕೆ ಗುರುತಾಗಿ ಹಿಡಿದಿದೆ. ಇಂದ್ರಿಯಗಳೂ ವಿಷಯಗಳೂ ಒಟ್ಟಿಗಿದ್ದರೂ ಜ್ಞಾನಗಳು ಏಕಕಾಲದಲ್ಲಿ ಹುಟ್ಟವು. ಆದುದರಿಂದ ನಡುವೆ ಮನಸ್ಸೆಂಬ ಸಾಧನವೊಂದು ಇರಲೇಬೇಕು. ಅದು ಅಣುಪ್ರಮಾಣದ್ದು, ಕ್ಷಣಕ್ಕೆ ಒಂದೇ ಇಂದ್ರಿಯದೊಡನೆ ಕೂಡತಕ್ಕದ್ದು.

ಇದಕ್ಕೊಂದು ರುಚಿಕರವಾದ ಆಕ್ಷೇಪವಿದೆ. ಉದ್ದನೆಯ ಶಷ್ಕುಲಿಯನ್ನು (ನಮ್ಮ ಚಕ್ಕುಲಿಯ ಹೆಸರಿನ ಮೂಲ ಇದೇ) ಕಡಿಯುವವನಿಗೆ ಬಣ್ಣ, ಕಂಪು, ರುಚಿ, ಸ್ಪರ್ಶ, ಗರಿಗರಿ ಸದ್ದು ಎಲ್ಲವೂ ಒಮ್ಮೆಗೇ ತಿಳಿಯುವುದಿಲ್ಲವೆ? ಇಲ್ಲವೆನ್ನುತ್ತಾರೆ ನೈಯಾಯಿಕರು. ಒಂದರ ಮೇಲೊಂದಿಟ್ಟ ನೂರು ತಾವರೆಯೆಸಳುಗಳನ್ನು ಸೂಜಿ ಕ್ರಮವಾಗಿಯೇ ಚುಚ್ಚುತ್ತದೆ. ವೇಗದಿಂದಾಗಿ ಒಮ್ಮೆಗೇ ಚುಚ್ಚಿದಂತೆ ತೋರುತ್ತದೆ, ಅಷ್ಟೆ.

ಪತಂಜಲಿಯು ಚಿತ್ತದ ವೃತ್ತಿಗಳನ್ನು ಐದೆಂದು ಎಣಿಸುತ್ತಾನೆ: ಪ್ರಮಾಣ, ವಿಪರ್ಯಯ, ವಿಕಲ್ಪ, ನಿದ್ರೆ, ಸ್ಮೃತಿ. ನಿದ್ರೆಯೂ ಒಂದು ವೃತ್ತಿಯೆಂಬುದು ಗಮನಾರ್ಹ. ಯಥಾರ್ಥಜ್ಞಾನವೂ ವೃತ್ತಿಯೇ ಎಂಬುದು ಇನ್ನೂ ಗಮನಾರ್ಹ. ಆಲೋಚನೆಯೆಲ್ಲವೂ ಕೆಟ್ಟದ್ದೆಂದು ಯೋಗಶಾಸ್ತ್ರ ಹೇಳಿತೆಂಬ ಜನಜನಿತ ಭಾವನೆ ಸರಿಯಲ್ಲ. ಅದು ವೃತ್ತಿಗಳಲ್ಲಿ ಕ್ಲಿಷ್ಟ, ಅಕ್ಲಿಷ್ಟ ಎಂಬ ಭೇದವನ್ನು ಮಾಡಿದೆ.

ಹಾಗಾದರೆ ಆಲೋಚನೆ ಯಾರದು? ಜ್ಞಾನ, ಇಚ್ಛೆ, ದ್ವೇಷಗಳು ಆತ್ಮನ ಗುಣಗಳೇ, ಮನಸ್ಸು ಕೇವಲ ಉಪಕರಣ ಎಂಬುದು ನ್ಯಾಯಮತ. ಸಾಂಖ್ಯರಾದರೋ ಬುದ್ಧಿ, ಅಹಂಕಾರ, ಮನಸ್ಸುಗಳೆಲ್ಲವೂ ಜಡಪ್ರಕೃತಿಯ ವಿಕಾರಗಳೆನ್ನುತ್ತಾರೆ. ಪುರುಷನ ಸಾನ್ನಿಧ್ಯದಿಂದ ಅವು ಚೇತನದಂತೆ ತೋರುತ್ತವೆ. ಇದು ಒಣ ತರ್ಕವಲ್ಲ. ಸಿಟ್ಟಿನ ಹುಡುಗನೊಬ್ಬನನ್ನು ‘ದುಷ್ಟ’ನೆಂದು ಕರೆಯುವಾಗ ಸಿಟ್ಟೇ ಅವನ ಸ್ವರೂಪವೆಂದು ತೀರ್ಮಾನಿಸಿದಂತಾಗುತ್ತದೆ. ಸಾಂಖ್ಯಮತದಲ್ಲಿ ಅದಕ್ಕೆ ಆಸ್ಪದವೇ ಇಲ್ಲ. ನ್ಯಾಯಮತದಲ್ಲಿಯೂ ದ್ವೇಷವು ಆಗಂತುಕ ಗುಣ, ಮೋಕ್ಷದಲ್ಲಿ ಉಳಿಯತಕ್ಕದ್ದಲ್ಲ.

ವೇದಾಂತಿಗಳು ಅಂತಃಕರಣವೊಂದಕ್ಕೇ ಕಾರ್ಯಭೇದದಿಂದ ನಾಲ್ಕು ಹೆಸರುಗಳನ್ನಿತ್ತರು: ಸಂಶಯಿಸುವಾಗ ಮನಸ್ಸು, ನಿಶ್ಚಯಿಸುವಾಗ ಬುದ್ಧಿ, ನಾನೆನ್ನುವಾಗ ಅಹಂಕಾರ, ಸ್ಮರಿಸುವಾಗ ಚಿತ್ತ. ಹನ್ನೆರಡನೆಯ ಶತಮಾನದ ಬಸವಣ್ಣನವರು ಈ ವಿಂಗಡಣೆಗೆ ಹೋಗದೆ ಮನಸ್ಸನ್ನು ಕೊಂಬೆಯ ಮೇಲಿನ ಕೋತಿಗೆ ಹೋಲಿಸಿದರು. ಅವರು ದೂರಿದ್ದು ತಮ್ಮ ಮನಸ್ಸನ್ನು, ಪರರದನ್ನಲ್ಲ.

ಉಪಾಯದ ವಿಷಯದಲ್ಲಿ ಗೀತೆಯೂ ಯೋಗಸೂತ್ರವೂ ಒಂದೇ ಜೋಡಿಯನ್ನು ಹೇಳುತ್ತವೆ: ಅಭ್ಯಾಸ ಮತ್ತು ವೈರಾಗ್ಯ. ಪ್ರತಿಯೊಂದು ವೃತ್ತಿಯೂ ಸಂಸ್ಕಾರವನ್ನು ಉಳಿಸಿ ಹೋಗುತ್ತದೆ, ಆ ಸಂಸ್ಕಾರದಿಂದ ಮತ್ತೆ ವೃತ್ತಿ ಏಳುತ್ತದೆ. ಆದ್ದರಿಂದಲೇ ಪತಂಜಲಿಯು ಅಭ್ಯಾಸಕ್ಕೆ ಮೂರು ವಿಶೇಷಣಗಳನ್ನು ಸೇರಿಸಿದನು: ಅದು ದೀರ್ಘಕಾಲದ್ದಾಗಿರಬೇಕು, ಎಡೆಬಿಡದೆ ನಡೆಯಬೇಕು, ಆದರದಿಂದ ಕೂಡಿರಬೇಕು.