ಪಾಲುದಾರ ಬದಲಾದರೆ ಕಸ್ಟಮ್ಸ್‌ಗೂ ತಿಳಿಸಬೇಕು

ಪಾಲುದಾರನ ನಿವೃತ್ತಿಯ ಲೆಕ್ಕವನ್ನು ತರಗತಿಯಲ್ಲಿ ನಾವು ಗುಡ್‌ವಿಲ್ ಹಂಚಿ, ಬ್ಯಾಲೆನ್ಸ್ ಶೀಟ್ ಬರೆದು ಮುಗಿಸುತ್ತೇವೆ. ಕುದ್ರೋಳಿಯಲ್ಲೇ ಇರುವ ನನ್ನ ಮಾಮು ಕಸ್ಟಮ್ಸ್ ಬ್ರೋಕರ್ ಒಬ್ಬರ ಆಫೀಸಿನಲ್ಲಿ ಗುಮಾಸ್ತರು. ಲೆಕ್ಕ ಅಲ್ಲಿಗೇ ಮುಗಿಯುವುದಿಲ್ಲ ಎಂದು ಅವರಿಂದ ತಿಳಿಯಿತು.

ಪಣಂಬೂರಿನ ನವಮಂಗಳೂರು ಬಂದರಿಗೆ ಬರುವ ಸರಕಿನ ಕಾಗದಪತ್ರಗಳನ್ನು ಆಮದುದಾರರ ಪರವಾಗಿ ಕಸ್ಟಮ್ಸ್‌ಗೆ ಸಲ್ಲಿಸುವವರು ಈ ಬ್ರೋಕರುಗಳು. 1962ರ ಕಸ್ಟಮ್ಸ್ ಕಾಯ್ದೆಯ 146ನೇ ಕಲಮಿನಂತೆ ಅವರಿಗೆ ಲೈಸೆನ್ಸ್ ಬೇಕು. ಅದನ್ನು ಮಾರುವಂತಿಲ್ಲ, ಇನ್ನೊಬ್ಬರಿಗೆ ವರ್ಗಾಯಿಸುವಂತೆಯೂ ಇಲ್ಲ. ಹಾಗಾಗಿ ಸಂಸ್ಥೆ ಯಾರ ಕೈಯಲ್ಲಿದೆ ಎಂಬುದು ಇಲಾಖೆಗೆ ಗೊತ್ತಿರಲೇಬೇಕು.

2018ರ ಲೈಸೆನ್ಸ್ ನಿಯಮಾವಳಿಯ ಪ್ರಕಾರ, ಪಾಲುದಾರಿಕೆ ಸಂಸ್ಥೆಯ ಅಥವಾ ಕಂಪನಿಯ ರಚನೆ ಬದಲಾದರೆ ಆದಷ್ಟು ಬೇಗ ಕಸ್ಟಮ್ಸ್ ಆಯುಕ್ತರಿಗೆ ತಿಳಿಸಬೇಕು. 60 ದಿನಗಳೊಳಗೆ ಹೊಸ ಲೈಸೆನ್ಸಿಗೆ ಅರ್ಜಿ ಹಾಕಬೇಕು. ನಿಯಮ ಮೀರಿದರೆ 50,000 ರೂಪಾಯಿವರೆಗೆ ದಂಡ ಬೀಳಬಹುದು, ಲೈಸೆನ್ಸೇ ರದ್ದಾಗಲೂಬಹುದು. ಅದಕ್ಕೆ ಮೊದಲು ನೋಟಿಸ್ ಕೊಟ್ಟು ವಿಚಾರಣೆ ನಡೆಸುತ್ತಾರೆ.

ಮಾಮು ಅವರ ಆಫೀಸಿನಿಂದ ಒಬ್ಬ ಪಾಲುದಾರರು ಹೊರಬಂದು ಐವತ್ತು ದಿನ ಕಳೆದಿತ್ತು. ಅರ್ಜಿ ಇನ್ನೂ ಹೋಗಿರಲಿಲ್ಲ. ಧಣಿಗೆ ನೆನಪಿಸಿ, ಎರಡು ರಾತ್ರಿ ಕೂತು ಕಾಗದ ಸಿದ್ಧಪಡಿಸಿದವರು ಮಾಮುವೇ. “ನಿಮಗೇಕೆ ಅಷ್ಟು ಆತುರ?” ಎಂದು ಕೇಳಿದೆ.

“ದಂಡವನ್ನು ಧಣಿ ಕಟ್ಟುತ್ತಾರೆ ಮಗಾ. ಲೈಸೆನ್ಸ್ ಹೋದರೆ ನಮ್ಮೆಲ್ಲರ ಸಂಬಳವೂ ಹೋಗುತ್ತದೆ,” ಎಂದರು.