ಮೂರು ಹೆಸರು, ಎಂಟು ಖಾಲಿ ಜಾಗ

ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ಸಂಬಳವಿಲ್ಲದ ಕ್ರಿಕೆಟ್ ಆಯ್ಕೆಗಾರರಿಗೆ ಎಂದೂ ಬರವಿಲ್ಲ. ನಮ್ಮ ಚಾಮರಾಜಪೇಟೆಯಲ್ಲಿ ಒಂದು ಬೈಟು ಕಾಫಿ ಮುಗಿಯುವುದರೊಳಗೆ ಮುಂದಿನ ಟೆಸ್ಟ್ ಪಂದ್ಯದ ಹನ್ನೊಂದು ಮಂದಿ ನಿಗದಿಯಾಗುತ್ತಾರೆ. ಹನ್ನೆರಡನೆಯವನು ಯಾರೆಂಬುದರ ಮೇಲೆ ಜಗಳವೂ ಆಗುತ್ತದೆ. ಇದೇ ಮಂದಿಯನ್ನು ಭಾರತದ ಫುಟ್‌ಬಾಲ್ ತಂಡ ಆರಿಸಿ ಎಂದು ಕೇಳಿ ನೋಡಿ. ಸುನಿಲ್ ಛೆಟ್ರಿಯ ಹೆಸರು ತಕ್ಷಣ ಬರುತ್ತದೆ. ಎರಡನೆಯ ಹೆಸರಿಗೆ ತಡವರಿಕೆ ಶುರುವಾಗುತ್ತದೆ.

ಆ ಕೆಲಸವನ್ನು ಇಲ್ಲಿ ನಾನು ಮಾಡಹೊರಟಿದ್ದೇನೆ. ನಾನು ಆರಿಸಿಕೊಂಡಿರುವುದು 2030ರಲ್ಲಿ ದೋಹಾದಲ್ಲಿ ನಡೆಯಲಿರುವ ಏಷ್ಯನ್ ಕ್ರೀಡಾಕೂಟ. ವಿಶ್ವಕಪ್ ನಮಗಿನ್ನೂ ದೂರದ ಮಾತು. 2027ರ ಏಷ್ಯಾ ಕಪ್‌ಗೆ ಅರ್ಹತೆ ಪಡೆಯುವ ಅವಕಾಶವನ್ನೂ 2025ರ ಅಕ್ಟೋಬರ್‌ನಲ್ಲಿ ಸಿಂಗಪುರದ ಎದುರು ಕಳೆದುಕೊಂಡೆವು. ಮರುತಿಂಗಳು ಢಾಕಾದಲ್ಲಿ ಬಾಂಗ್ಲಾದೇಶಕ್ಕೂ ಸೋತೆವು. ಏಷ್ಯನ್ ಕ್ರೀಡಾಕೂಟದಲ್ಲಾದರೋ ನಮಗೊಂದು ಇತಿಹಾಸವಿದೆ. 1951ರಲ್ಲಿ ದೆಹಲಿಯಲ್ಲಿ ಇರಾನನ್ನೂ 1962ರಲ್ಲಿ ಜಕಾರ್ತಾದಲ್ಲಿ ದಕ್ಷಿಣ ಕೊರಿಯಾವನ್ನೂ ಸೋಲಿಸಿ ಚಿನ್ನ ಗೆದ್ದವರು ನಾವು. 1970ರ ಕಂಚಿನ ನಂತರ ಅಲ್ಲಿಂದ ಯಾವ ಪದಕವೂ ಬಂದಿಲ್ಲ.

ಈ ಕೂಟದ ಫುಟ್‌ಬಾಲ್‌ಗೆ ಒಂದು ವಿಶೇಷ ನಿಯಮವಿದೆ. 2002ರಿಂದೀಚೆಗೆ ಇದು 23 ವರ್ಷದೊಳಗಿನವರ ಸ್ಪರ್ಧೆ. ವಯಸ್ಸು ಮೀರಿದ ಮೂವರಿಗೆ ಮಾತ್ರ ಅವಕಾಶ. ಈ ಪದ್ಧತಿ ಮುಂದುವರಿದರೆ ದೋಹಾದಲ್ಲಿ ಆಡುವ ಬಹುತೇಕರು 2007ರ ಜನವರಿ 1ರಂದು ಅಥವಾ ಆನಂತರ ಹುಟ್ಟಿದವರಾಗಿರಬೇಕು. ಅಂದರೆ ಹನ್ನೊಂದರಲ್ಲಿ ಎಂಟು ಮಂದಿಯನ್ನು ಈಗ ಹದಿಹರೆಯದಲ್ಲಿರುವವರಿಂದ, ಹೆಚ್ಚೆಂದರೆ ಅದನ್ನು ಈಗಷ್ಟೇ ದಾಟುತ್ತಿರುವವರಿಂದ ಹುಡುಕಬೇಕು. ಆಯ್ಕೆಯ ನಿಜವಾದ ಪರೀಕ್ಷೆ ಅಲ್ಲಿದೆ.

ಮೊದಲು ಸುಲಭದ ಭಾಗ, ಮೂವರು ಹಿರಿಯರು. ಗೋಲಿನಲ್ಲಿ ಪ್ರಭ್‌ಸುಖನ್ ಗಿಲ್. 2021-22ರ ಐಎಸ್‌ಎಲ್‌ನಲ್ಲಿ ಶ್ರೇಷ್ಠ ಗೋಲ್‌ಕೀಪರ್ ಪ್ರಶಸ್ತಿ ಪಡೆದ ಇವರಿಗೆ 2030ರಲ್ಲಿ 29 ವರ್ಷವಾಗಿರುತ್ತದೆ. ಗೋಲ್‌ಕೀಪರ್‌ಗಳು ಪಕ್ವವಾಗುವುದೇ ಆ ವಯಸ್ಸಿನಲ್ಲಿ. ರಕ್ಷಣೆಯ ನಡುವೆ ಅನ್ವರ್ ಅಲಿ. ಹೃದಯದ ತೊಂದರೆಯಿಂದ ಆಟವೇ ಮುಗಿಯಿತು ಎನ್ನುವ ಹಂತ ಮುಟ್ಟಿ ಮರಳಿ ಬಂದವರು. ಚೆಂಡನ್ನು ಗಾಬರಿಯಿಂದ ಒದ್ದೋಡಿಸದೆ ಕಾಲಲ್ಲಿಟ್ಟುಕೊಂಡು ಮುಂದಕ್ಕೆ ದಾಟಿಸಬಲ್ಲವರು. ಮಧ್ಯದಲ್ಲಿ ಮಣಿಪುರದ ಜೀಕ್ಸನ್ ಸಿಂಗ್. ಎತ್ತರದ ಆಳು, ಎದುರಾಳಿಯ ದಾಳಿಯನ್ನು ನಡುದಾರಿಯಲ್ಲೇ ತಡೆಯುವುದು ಇವರ ಕೆಲಸ.

ಈ ಮೂವರನ್ನು ಬೇರೆ ಬೇರೆ ಕಾರಣಗಳಿಗೆ ಆರಿಸಿದೆ. ಆದರೆ ಮೂವರೂ ಒಂದೇ ಕಡೆಯಿಂದ ಬಂದವರು ಎಂಬುದನ್ನು ಗಮನಿಸಬೇಕು. 2017ರಲ್ಲಿ ಭಾರತ ಆತಿಥ್ಯ ವಹಿಸಿದ 17 ವರ್ಷದೊಳಗಿನವರ ವಿಶ್ವಕಪ್‌ನಲ್ಲಿ ದೇಶವನ್ನು ಪ್ರತಿನಿಧಿಸಿದ 21 ಹುಡುಗರ ತಂಡದಲ್ಲಿ ಮೂವರೂ ಇದ್ದರು. ಆ ತಂಡ ಮೂರೂ ಪಂದ್ಯ ಸೋತಿತು. ಒಂಬತ್ತು ಗೋಲು ಬಿಟ್ಟುಕೊಟ್ಟು ಗಳಿಸಿದ್ದು ಒಂದೇ. ಆಗ ಅನೇಕರು ಹಣ ನೀರುಪಾಲಾಯಿತು ಎಂದರು. ಆದರೆ ಆತಿಥೇಯರೆಂಬ ಕಾರಣಕ್ಕೆ ನೇರ ಪ್ರವೇಶ ಸಿಕ್ಕಿದ್ದರಿಂದ, ಮಾನ ಉಳಿಸಿಕೊಳ್ಳುವ ಆತಂಕದಲ್ಲಾದರೂ, ಆ ಹುಡುಗರನ್ನು ವರ್ಷಗಟ್ಟಲೆ ಒಟ್ಟಿಗಿಟ್ಟು ಬೆಳೆಸಲಾಯಿತು. ವಿಶ್ವಕಪ್ ಮುಗಿದ ಮೇಲೂ ಅವರಲ್ಲಿ ಹಲವರು ಇಂಡಿಯನ್ ಆ್ಯರೋಸ್ ಹೆಸರಿನಲ್ಲಿ ಐ-ಲೀಗ್ ಆಡಿದರು. ಆ ಬಿತ್ತನೆಯ ಫಸಲನ್ನೇ ನಾವು ಇಂದಿಗೂ ಉಣ್ಣುತ್ತಿದ್ದೇವೆ.

ಕೊಲಂಬಿಯಾ ವಿರುದ್ಧ 2017ರ ಅಕ್ಟೋಬರ್ 9ರಂದು ಬಂದ ಆ ಒಂದು ಗೋಲು ಜೀಕ್ಸನ್ ಅವರದು. ಫಿಫಾ ವಿಶ್ವಕಪ್ ಪಂದ್ಯವೊಂದರಲ್ಲಿ ಭಾರತದ ಮೊದಲ ಗೋಲು ಅದು. ಅವರ ತಲೆಗೆ ಸರಿಯಾಗಿ ಬಂದಿಳಿದ ಕಾರ್ನರ್ ಕಿಕ್ ಒದ್ದವರು ಸಂಜೀವ್ ಸ್ಟಾಲಿನ್, ಬೆಂಗಳೂರಿನ ಹುಡುಗ. ಆದರೆ ಸ್ಟಾಲಿನ್ ಆಟ ಕಲಿತದ್ದು ಚಂಡೀಗಢದ ಅಕಾಡೆಮಿಯಲ್ಲಿ. ದೇಶಕ್ಕೇ ಫುಟ್‌ಬಾಲ್ ಆಟಗಾರರನ್ನು ಕೊಟ್ಟ ಊರಿನ ಮಗು ಆಟ ಕಲಿಯಲು ಎರಡು ಸಾವಿರ ಕಿಲೋಮೀಟರ್ ದೂರ ಹೋಗಬೇಕಾಯಿತೆಂದರೆ, ಉಳಿದ ಎಂಟು ಜಾಗಗಳ ಕಥೆಯನ್ನು ನಾವು ಇಲ್ಲಿಂದಲೇ ಓದಬೇಕು.

ಹೀಗೆ ಹೇಳುವುದು ಊರಿನ ಅಭಿಮಾನದ ಉತ್ಪ್ರೇಕ್ಷೆಯಲ್ಲ. 1948ರ ಜುಲೈ 31ರಂದು ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತ 1-2ರಿಂದ ಸೋತ ಪಂದ್ಯದಲ್ಲಿ, ಬಹುತೇಕರು ಬರಿಗಾಲಿನಲ್ಲೇ ಆಡಿದ ಆ ತಂಡದ ಗೋಲು ಗಳಿಸಿದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಅಹ್ಮದ್ ಖಾನ್, ಧನರಾಜ್, ಗೋಲ್‌ಕೀಪರ್ ವರದರಾಜ್ ಕೂಡ ಆ ತಂಡದಲ್ಲಿದ್ದ ಇಲ್ಲಿಯವರೇ. 1951ರ ಚಿನ್ನದ ತಂಡದಲ್ಲಿ ಅಹ್ಮದ್ ಖಾನ್ ಇದ್ದರು. 1952ರ ಹೆಲ್ಸಿಂಕಿಯಲ್ಲಿ ಯುಗೊಸ್ಲಾವಿಯಾ ಹತ್ತು ಗೋಲು ಬಾರಿಸಿದಾಗ ಭಾರತದ ಒಂದೇ ಗೋಲು ಅವರದು. 1956ರಲ್ಲಿ ಮೆಲ್ಬರ್ನ್‌ನಲ್ಲಿ ನಾಲ್ಕನೆಯ ಸ್ಥಾನ ಪಡೆದ ತಂಡದಲ್ಲಿ ಕೆಂಪಯ್ಯ, 1962ರ ಜಕಾರ್ತಾದಲ್ಲಿ ಅರುಮೈನಾಯಗಂ. ಅದಕ್ಕೂ ಮೊದಲೇ, 1937 ಮತ್ತು 1938ರಲ್ಲಿ, ಬ್ಯಾಂಗಲೋರ್ ಮುಸ್ಲಿಮ್ಸ್ ತಂಡ ಮುಂಬಯಿಗೆ ಹೋಗಿ ರೋವರ್ಸ್ ಕಪ್ ಗೆದ್ದು ತಂದಿತ್ತು. ಮೈಸೂರು ರಾಜ್ಯ ನಾಲ್ಕು ಬಾರಿ ಸಂತೋಷ್ ಟ್ರೋಫಿ ಗೆದ್ದಿತು, ಕೊನೆಯದು 1968-69ರಲ್ಲಿ. ಐದನೆಯದು ಕರ್ನಾಟಕದ ಹೆಸರಿನಲ್ಲಿ ಬಂದದ್ದು 2023ರ ಮಾರ್ಚ್‌ನಲ್ಲಿ, ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿದಾಗ.

ಆದರೆ ಈ ಪರಂಪರೆ ಹೆಚ್ಚಾಗಿ ದಂಡು ಪ್ರದೇಶದ್ದು. ಹಲಸೂರು, ಗೌತಮಪುರ, ಮರ್ಫಿ ಟೌನ್, ಆಸ್ಟಿನ್ ಟೌನ್‌ಗಳಲ್ಲಿ ಬ್ರಿಟಿಷ್ ಪಡೆಗಳ ಆಟವನ್ನು ನೋಡುತ್ತಲೇ ಬೆಳೆದ ಬಡ ಮನೆಗಳ ಮಕ್ಕಳು ಅದನ್ನು ತಮ್ಮದಾಗಿಸಿಕೊಂಡರು. ಇತ್ತ ಪೇಟೆಯ ಕಡೆ, ಬಸವನಗುಡಿ, ಮಲ್ಲೇಶ್ವರ, ನಮ್ಮ ಚಾಮರಾಜಪೇಟೆಗಳಲ್ಲಿ, ಕ್ರಿಕೆಟ್ ಬೇರುಬಿಟ್ಟಿತು. ದಂಡು ಮತ್ತು ನಗರದ ಆಡಳಿತಗಳು 1949ರಲ್ಲಿ ಒಂದಾದವು, ಆಟಗಳು ಒಂದಾಗಲಿಲ್ಲ. ನನ್ನ ಓರಗೆಯವರಲ್ಲಿ ಎಷ್ಟೋ ಮಂದಿಗೆ ಪ್ರಸನ್ನ, ಚಂದ್ರಶೇಖರ್, ವಿಶ್ವನಾಥ್ ಅವರ ಅಂಕಿಅಂಶಗಳು ಕಂಠಪಾಠ. ಅಹ್ಮದ್ ಖಾನ್ 2017ರ ಆಗಸ್ಟ್‌ನಲ್ಲಿ ಇದೇ ಊರಿನಲ್ಲಿ ತೀರಿಕೊಂಡಾಗ ಅವರು ಯಾರೆಂದು ಕೇಳಿದವರೇ ಹೆಚ್ಚು.

ದಂಡಿನ ಹುಡುಗರನ್ನು ಬಹುಕಾಲ ಆಟದಲ್ಲಿ ಉಳಿಸಿದ್ದು ನೌಕರಿ. ಎಚ್‌ಎಎಲ್, ಐಟಿಐಯಂಥ ಸಾರ್ವಜನಿಕ ಉದ್ದಿಮೆಗಳು ಆಟಗಾರರನ್ನು ಕೆಲಸಕ್ಕೆ ತೆಗೆದುಕೊಂಡು ತಂಡ ಕಟ್ಟುತ್ತಿದ್ದವು. ಚೆನ್ನಾಗಿ ಒದೆಯುವ ಮಗನಿಗೆ ತಿಂಗಳ ಸಂಬಳ ಖಚಿತ ಎಂಬ ನಂಬಿಕೆಯಲ್ಲಿ ತಂದೆತಾಯಿ ಅವನನ್ನು ಮೈದಾನಕ್ಕೆ ಬಿಡುತ್ತಿದ್ದರು. ಆ ನೇಮಕಾತಿಗಳು ವಿರಳವಾದವು. 2013ರಲ್ಲಿ ಬೆಂಗಳೂರು ಎಫ್‌ಸಿ ಬಂದು ಮೊದಲ ವರ್ಷವೇ ಐ-ಲೀಗ್ ಗೆದ್ದಿತು; 2016ರಲ್ಲಿ ಎಎಫ್‌ಸಿ ಕಪ್‌ನ ಫೈನಲ್ ತಲುಪಿದ ಮೊದಲ ಭಾರತೀಯ ಕ್ಲಬ್ ಎನಿಸಿತು. ಊರಿಗೆ ಹೊಸ ಪ್ರೇಕ್ಷಕವರ್ಗವೂ ಬಂದಿತು. 2023ರ ಜುಲೈ 4ರಂದು ಕಂಠೀರವದಲ್ಲಿ ಭಾರತ ಪೆನಾಲ್ಟಿಗಳಲ್ಲಿ ಕುವೈತನ್ನು ಸೋಲಿಸಿ ದಕ್ಷಿಣ ಏಷ್ಯಾ ಪ್ರಶಸ್ತಿ ಗೆದ್ದ ರಾತ್ರಿ ನಾನೂ ಅಲ್ಲಿದ್ದೆ. ಬಸವನಗುಡಿಯ ಅಜ್ಜಂದಿರೂ ಕೂಗುತ್ತಿದ್ದರು. ಆದರೆ ಈ ಕ್ಲಬ್ಬಿನಿಂದ ರಾಷ್ಟ್ರೀಯ ತಂಡಕ್ಕೆ ಹೋದ ಪ್ರಮುಖರನ್ನು ನೋಡಿ. ಗುರುಪ್ರೀತ್ ಪಂಜಾಬಿನವರು, ಸುರೇಶ್ ಮತ್ತು ರೋಶನ್ ಮಣಿಪುರದವರು, ರಾಹುಲ್ ಭೇಕೆ ಮುಂಬಯಿಯವರು. ಇದು ಆಕ್ಷೇಪವಲ್ಲ, ನಮ್ಮ ಅಹ್ಮದ್ ಖಾನರೂ ಕೋಲ್ಕತ್ತದ ಈಸ್ಟ್ ಬೆಂಗಾಲ್‌ನಲ್ಲಿ ಮೆರೆದವರೇ. ಆಗ ನಾವು ಕೊಡುತ್ತಲೂ ಇದ್ದೆವು ಎಂಬುದಷ್ಟೇ ವ್ಯತ್ಯಾಸ.

ಈಗ ಖಾಲಿ ಜಾಗಗಳಿಗೆ ಬರೋಣ. ಬಲ, ಎಡ ಬದಿಯ ಇಬ್ಬರು ರಕ್ಷಕರಿಗೆ ಇಂದಿನ ಆಟದಲ್ಲಿ ಅತಿ ಹೆಚ್ಚು ಓಟ. ಅಂಚಿನುದ್ದಕ್ಕೂ ಓಡಿ, ದೂರದಿಂದ ಚೆಂಡನ್ನು ಗೋಲಿನ ಮುಂದಕ್ಕೆ ಅಳೆದು ಹಾಕಬೇಕು. ಈ ವಿದ್ಯೆ ನೂರೈದು ಮೀಟರ್ ಉದ್ದದ ಮೈದಾನದಲ್ಲಲ್ಲದೆ ಬರುವುದಿಲ್ಲ. ನಮ್ಮ ಮಕ್ಕಳು ಈಗ ಆಡುತ್ತಿರುವುದು ಗಂಟೆಯ ಲೆಕ್ಕದಲ್ಲಿ ಬಾಡಿಗೆ ಕೊಡುವ, ಬಲೆ ಕಟ್ಟಿದ ಕೃತಕ ಹುಲ್ಲಿನ ಅಂಕಣಗಳಲ್ಲಿ, ಕೆಲವೆಡೆ ಕಟ್ಟಡಗಳ ತಾರಸಿಯ ಮೇಲೆ. ಅಲ್ಲಿ ಚುರುಕಾದ ಸಣ್ಣ ಪಾಸ್ ಕಲಿಯಬಹುದು, ನಲವತ್ತು ಮೀಟರಿನ ಒದೆತ ಕಲಿಯಲಾಗದು. ಬಾಡಿಗೆ ಕೊಡಲಾಗದವನಿಗೆ ಅದೂ ಇಲ್ಲ.

ಅನ್ವರ್ ಜೊತೆಗೆ ಇನ್ನೊಬ್ಬ ನಡುರಕ್ಷಕ ಬೇಕು. ಎರಡು ರೆಕ್ಕೆಗಳಲ್ಲಿ ವೇಗದ ಇಬ್ಬರು ಬೇಕು. ಈ ಮೂರಕ್ಕೆ ನನಗೆ ಹೆಚ್ಚು ಚಿಂತೆಯಿಲ್ಲ. ಮಿಜೋರಾಂ 2012ರಲ್ಲಿ ತನ್ನದೇ ಪ್ರೀಮಿಯರ್ ಲೀಗ್ ಆರಂಭಿಸಿತು. ಐದೇ ವರ್ಷಗಳಲ್ಲಿ ಐಜೋಲ್ ಎಫ್‌ಸಿ ದೇಶದ ಚಾಂಪಿಯನ್ ಆಯಿತು. ಚಿಕ್ಕ ರಾಜ್ಯ, ದೊಡ್ಡ ಹಣವಿಲ್ಲ. ಊರೂರಲ್ಲಿ ಪಂದ್ಯಗಳಿವೆ, ನೋಡುವ ಜನರಿದ್ದಾರೆ. ಅಲ್ಲಿಂದ ಹುಡುಗರು ಬಂದೇ ಬರುತ್ತಾರೆ.

ಮಧ್ಯದ ಇಬ್ಬರು ಮತ್ತು ಮುಂಚೂಣಿಯ ಒಬ್ಬ, ಇವು ನಿಜಕ್ಕೂ ಖಾಲಿ. ಗೋಲಿನ ದಾರಿ ತೆರೆಯುವವನ ಜಾಗವನ್ನೂ ಗೋಲು ಹೊಡೆಯುವವನ ಜಾಗವನ್ನೂ ನಮ್ಮ ಕ್ಲಬ್‌ಗಳು ಬಹುಪಾಲು ವಿದೇಶಿಯರಿಗೇ ಕೊಟ್ಟಿವೆ. ಗೆಲುವೇ ಮುಖ್ಯವಾದ ಕ್ಲಬ್ಬಿಗೆ ಅದು ಸಹಜ. ಪರಿಣಾಮ ಏನಾಯಿತು? 2024ರ ಜೂನ್‌ನಲ್ಲಿ ನಿವೃತ್ತರಾದ ಛೆಟ್ರಿಯನ್ನು 2025ರ ಮಾರ್ಚ್‌ನಲ್ಲಿ, 40ರ ವಯಸ್ಸಿನಲ್ಲಿ, ಮತ್ತೆ ಕರೆತರಬೇಕಾಯಿತು. 2024-25ರ ಐಎಸ್‌ಎಲ್‌ನಲ್ಲಿ ಅತಿ ಹೆಚ್ಚು ಗೋಲು ಗಳಿಸಿದ ಭಾರತೀಯ ಅವರೇ, 14 ಗೋಲುಗಳೊಂದಿಗೆ. ಛೆಟ್ರಿಗೆ ಇದು ಕೀರ್ತಿ, ದೇಶಕ್ಕೆ ಎಚ್ಚರಿಕೆ.

ಹಾಗೆಂದು ಭರವಸೆ ಇಲ್ಲವೇ? ಇದೆ. 2025ರ ನವೆಂಬರ್ 30ರಂದು ಅಹಮದಾಬಾದ್‌ನಲ್ಲಿ ನಮ್ಮ 17 ವರ್ಷದೊಳಗಿನವರ ತಂಡ ಇರಾನನ್ನು 2-1ರಿಂದ ಸೋಲಿಸಿ ಏಷ್ಯಾ ಕಪ್‌ಗೆ ಅರ್ಹತೆ ಪಡೆಯಿತು. 2009 ಅಥವಾ ಆನಂತರ ಹುಟ್ಟಿದ ಆ ಹುಡುಗರಿಗೆ 2030ರಲ್ಲಿ ಹೆಚ್ಚೆಂದರೆ 21 ವರ್ಷ. ನನ್ನ ಪಟ್ಟಿಯ ಎಂಟು ಜಾಗಗಳಲ್ಲಿ ಕೆಲವನ್ನಾದರೂ ತುಂಬಬೇಕಾದವರು ಅವರೇ. ಆದರೆ ಹದಿನೇಳರಿಂದ ಇಪ್ಪತ್ತೊಂದರ ನಡುವಿನ ನಾಲ್ಕು ವರ್ಷಗಳಲ್ಲೇ ನಾವು ಅತಿ ಹೆಚ್ಚು ಪ್ರತಿಭೆ ಕಳೆದುಕೊಳ್ಳುವುದು. ಆ ವಯಸ್ಸಿನವನಿಗೆ ಬೇಕಾದದ್ದು ವರ್ಷಕ್ಕೆ ಮೂವತ್ತು ನಲವತ್ತು ಪೈಪೋಟಿಯ ಪಂದ್ಯ. ದೇಶದ ಪ್ರಮುಖ ಲೀಗೇ 2025ರಲ್ಲಿ ಒಪ್ಪಂದದ ಜಗ್ಗಾಟದಿಂದಾಗಿ ಸಮಯಕ್ಕೆ ಆರಂಭವಾಗದೆ ಹೋದಾಗ, ಕಿರಿಯರ ಗತಿಯೇನು? ಉಜ್ಬೇಕಿಸ್ತಾನದ ದಾರಿ ನೋಡಿ. 2023ರಲ್ಲಿ 20 ವರ್ಷದೊಳಗಿನವರ ಏಷ್ಯಾ ಕಪ್, 2024ರಲ್ಲಿ ಪ್ಯಾರಿಸ್ ಒಲಿಂಪಿಕ್ಸ್, 2025ರಲ್ಲಿ 17 ವರ್ಷದೊಳಗಿನವರ ಏಷ್ಯಾ ಕಪ್. ಅದೇ ವರ್ಷ ಹಿರಿಯರ ತಂಡ ಮೊದಲ ಬಾರಿಗೆ ವಿಶ್ವಕಪ್‌ಗೆ ಅರ್ಹತೆ ಪಡೆಯಿತು. ಒಂದು ಮೆಟ್ಟಿಲನ್ನೂ ಅವರು ಹಾರಲಿಲ್ಲ.

ಇನ್ನೊಂದು ಅಡ್ಡಿಯೂ ಇದೆ. 1962ರ ಚಿನ್ನದ ನೆಲವಾದ ಜಕಾರ್ತಾದಲ್ಲೇ 2018ರ ಕ್ರೀಡಾಕೂಟ ನಡೆದಾಗ ಒಲಿಂಪಿಕ್ ಸಂಸ್ಥೆ ಫುಟ್‌ಬಾಲ್ ತಂಡವನ್ನೇ ಕಳುಹಿಸಲಿಲ್ಲ. 2023ರ ಹಾಂಗ್‌ಝೌ ಕೂಟಕ್ಕೆ ಕ್ಲಬ್‌ಗಳು ಆಟಗಾರರನ್ನು ಬಿಟ್ಟುಕೊಡಲು ಹಿಂದೇಟು ಹಾಕಿದ್ದರಿಂದ ತಂಡವನ್ನು ಕೊನೆಯ ಗಳಿಗೆಯಲ್ಲಿ ಹೊಂದಿಸಬೇಕಾಯಿತು. ಅಲ್ಲಿಗೆ ತಲುಪಿದ ಮರುದಿನವೇ ಚೀನಾ ವಿರುದ್ಧ ಆಡಿ 1-5ರಿಂದ ಸೋತೆವು. 1962ರಲ್ಲಿ ತರಬೇತುದಾರ ರಹೀಂ, ತಲೆಗೆ ಹೊಲಿಗೆ ಹಾಕಿಸಿಕೊಂಡಿದ್ದ ರಕ್ಷಕ ಜರ್ನೈಲ್ ಸಿಂಗ್‌ರನ್ನು ಮುಂಚೂಣಿಗೆ ತಂದು ಫೈನಲ್ ಗೆದ್ದರು. ತನ್ನ ಆಟಗಾರರನ್ನು ಹತ್ತಿರದಿಂದ ಬಲ್ಲವನಿಗೆ ಮಾತ್ರ ಅಂಥ ಧೈರ್ಯ ಬರುತ್ತದೆ. ವಿಮಾನದಲ್ಲಿ ಪರಿಚಯವಾದ ತಂಡದಿಂದ ಅದನ್ನು ನಿರೀಕ್ಷಿಸಲಾಗದು. ಆದ್ದರಿಂದ ದೋಹಾ ಕೂಟಕ್ಕೆ ಆಟಗಾರರನ್ನು ಬಿಡುವ ಬಗ್ಗೆ ಫೆಡರೇಷನ್ ಮತ್ತು ಕ್ಲಬ್‌ಗಳು ಈಗಲೇ ಬರವಣಿಗೆಯಲ್ಲಿ ಒಪ್ಪಂದ ಮಾಡಿಕೊಳ್ಳಬೇಕು.

ಅದು ದೆಹಲಿಯ ಕೆಲಸ. ನಮ್ಮ ಕೆಲಸ ಇನ್ನೂ ಸರಳ. 2025ರಲ್ಲಿ ಬೆಂಗಳೂರು ಐದು ಪಾಲಿಕೆಗಳಾಗಿ ಹಂಚಿಹೋಯಿತು. ಒಂದೊಂದು ಪಾಲಿಕೆಯೂ ಪೂರ್ಣ ಅಳತೆಯ ಒಂದಾದರೂ ಮೈದಾನವನ್ನು ಮಕ್ಕಳಿಗೆ ಬಾಡಿಗೆಯಿಲ್ಲದೆ ಬಿಟ್ಟುಕೊಡಲಿ. ಸಂಜೆಯ ಗಂಟೆಯ ನಂತರ ಬೀಗ ಬೀಳುವ ಸರ್ಕಾರಿ, ಅನುದಾನಿತ ಶಾಲೆಗಳ ಬಯಲುಗಳು ಕತ್ತಲಾಗುವವರೆಗೆ ತೆರೆದಿರಲಿ. ಹದಿಮೂರು, ಹದಿನೈದು ವರ್ಷದೊಳಗಿನವರಿಗೆ ಬಡಾವಣೆ ಬಡಾವಣೆಗಳ ನಡುವೆ ವರ್ಷವಿಡೀ ಲೀಗ್ ನಡೆಯಲಿ. ಗೌತಮಪುರದ ಹುಡುಗರು ಚಾಮರಾಜಪೇಟೆಗೆ ಬಂದು ಆಡಲಿ, ನಮ್ಮವರು ಅಲ್ಲಿಗೆ ಹೋಗಿ ಸೋತು ಕಲಿಯಲಿ. ಇದಕ್ಕೆ ಬೇಕಾದದ್ದು ಚೆಂಡು, ಸುಣ್ಣದ ಗೆರೆ, ಒಬ್ಬ ರೆಫರಿ ಮತ್ತು ವಯಸ್ಸಿನ ಪ್ರಮಾಣಪತ್ರವನ್ನು ಪ್ರಾಮಾಣಿಕವಾಗಿ ನೋಡುವ ಒಬ್ಬ ಗುಮಾಸ್ತ.

ನನ್ನ ಪಟ್ಟಿಯಲ್ಲಿ ಸದ್ಯಕ್ಕಿರುವುದು ಗಿಲ್, ಅನ್ವರ್, ಜೀಕ್ಸನ್. ಮಧ್ಯದ ಒಂದು ಜಾಗದ ಎದುರು ಮಾತ್ರ ಪೆನ್ಸಿಲಿನಲ್ಲಿ 'ಬೆಂಗಳೂರು' ಎಂದು ಬರೆದಿಟ್ಟಿದ್ದೇನೆ. ಅಹ್ಮದ್ ಖಾನ್ ಆಡುತ್ತಿದ್ದ ಕಡೆಯ ಜಾಗವದು. ಅಲ್ಲಿಗೆ ಬರಬೇಕಾದ ಹುಡುಗ ಈ ಊರಿನ ಯಾವುದೋ ಗಲ್ಲಿಯಲ್ಲಿ ಈಗ ಚೆಂಡು ಒದೆಯುತ್ತಿರಬಹುದು. ಅವನಿಗೆ ಆಡಲು ಒಂದು ಬಯಲು ಸಿಕ್ಕರೆ ಸಾಕು.